ಕಂಪ್ಲಿಯ ಒತ್ತಕ್ಷರ: ಮನೆಗಣಕಗಳ ಚಿತ್ರಣಶಕ್ತಿಯನ್ನು ಕುರಿತು ಒಂದು ವಿಮರ್ಶೆ

1980ರ ದಶಕದ ಮನೆಬಳಕೆಯ ಗಣಕಯಂತ್ರಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಬಣ್ಣಗಳನ್ನೂ ಪರದೆಯ ಬಿಂದುಗಳನ್ನೂ ಎಣಿಸಿ ಅವುಗಳ ತಾರತಮ್ಯವನ್ನು ನಿರ್ಣಯಿಸುತ್ತಾರೆ. ಈ ಎಣಿಕೆ ಸುಳ್ಳಲ್ಲ. ಆದರೆ ಕನ್ನಡಿಗರ ಪಾಲಿಗೆ ಅಪೂರ್ಣವಾದುದು. ಯಂತ್ರವೊಂದು ನಮ್ಮ ಲಿಪಿಯನ್ನು ಬರೆಯಬಲ್ಲುದೆ, ಬರೆಯದಿದ್ದರೆ ಅದಕ್ಕೆ ಕಾರಣವೇನು ಎಂಬುದೇ ಚಿತ್ರಣಶಕ್ತಿಗೆ ನಮ್ಮ ಒರೆಗಲ್ಲಾಗಬೇಕು. 1984ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯು ಬಿ.ಬಿ.ಸಿ. ಮೈಕ್ರೋ ಯಂತ್ರವನ್ನು ಭಾರತದ ಶಾಲೆಗಳಿಗೆ ತಂದಿತು. ಆದುದರಿಂದ ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ.

ಪರೀಕ್ಷೆಗಾಗಿ ನಮ್ಮ ನೆರೆಯ ನಾಲ್ಕು ಊರುಗಳ ಹೆಸರುಗಳನ್ನೇ ತೆಗೆದುಕೊಳ್ಳೋಣ. ಹೊಸಪೇಟೆ, ಹಂಪೆ, ಸಂಡೂರು ಎಂಬ ಮೂರೂ ಎಡದಿಂದ ಬಲಕ್ಕೆ ಒಂದೇ ಸಾಲಿನಲ್ಲಿ ಸಾಗುತ್ತವೆ. ಸ್ವರಚಿಹ್ನೆಗಳು ಅಕ್ಷರದ ತಲೆಯಲ್ಲೋ ಬಲಗಡೆಯಲ್ಲೋ ನಿಲ್ಲುತ್ತವೆ. ಕಂಪ್ಲಿ ಮಾತ್ರ ಹಾಗಲ್ಲ. ಉಚ್ಚಾರಣೆಯಲ್ಲಿ ಇಕಾರವು ಲಕಾರದ ಅನಂತರ ಬರುತ್ತದೆ. ಬರವಣಿಗೆಯಲ್ಲಿ ಅದು ಪಕಾರದ ತಲೆಯನ್ನೇರುತ್ತದೆ, ಲಕಾರವು ಪಕಾರದ ಕೆಳಗಿಳಿಯುತ್ತದೆ. ಇದನ್ನು ಬರೆಯುವ ಯಂತ್ರ ಸಾಲಿನ ಕೆಳಕ್ಕೂ ಹೋಗಬೇಕು, ಬರೆದ ಅಕ್ಷರಕ್ಕೆ ಹಿಂದಿರುಗಿಯೂ ಬರಬೇಕು. ಹಂಪೆಯ ಶಾಸನಗಳನ್ನು ಕಂಡರಿಸಿದವರಿಗೆ ಇದು ತೊಡಕಾಗಿರಲಿಲ್ಲ. ಬಂಡೆಯಲ್ಲಿ ಚೌಕದ ಮನೆಗಳಿರಲಿಲ್ಲ.

ಯಂತ್ರಗಳ ಪರದೆಯಲ್ಲಿಯಾದರೋ ಅಂಥ ಮನೆಗಳಿದ್ದುವು. 1981ರ ಬಿ.ಬಿ.ಸಿ. ಮೈಕ್ರೋ, 1982ರ ಸಿಂಕ್ಲೇರ್ ಸ್ಪೆಕ್ಟ್ರಮ್, ಅದೇ ವರ್ಷದ ಕಮೊಡೋರ್ 64, ಈ ಮೂರರಲ್ಲಿಯೂ ಅಕ್ಷರದ ಮನೆ ಸಾಮಾನ್ಯವಾಗಿ 8 ಬಿಂದು ಅಗಲ, 8 ಬಿಂದು ಎತ್ತರ. ರೋಮನ್ ಅಕ್ಷರಕ್ಕೆ ಇಷ್ಟು ಸಾಕು. ಒತ್ತಕ್ಷರಸಹಿತವಾದ ಕನ್ನಡಕ್ಕೆ ಎತ್ತರವನ್ನು ಕನಿಷ್ಠಪಕ್ಷ ಇಮ್ಮಡಿಸಬೇಕು. ಆಗ ಬಿ.ಬಿ.ಸಿ. ಯಂತ್ರದ 256 ಬಿಂದುಗಳ ಎತ್ತರದಲ್ಲಿ 16 ಸಾಲುಗಳೂ, ಸ್ಪೆಕ್ಟ್ರಮ್‌ನ 192 ರಲ್ಲಿಯೂ ಕಮೊಡೋರ್‌ನ 200 ರಲ್ಲಿಯೂ 12 ಸಾಲುಗಳೂ ಹಿಡಿಸುತ್ತವೆ. ಮೊದಲ ಅಂತರ ಇದು, ಆದರೆ ಮುಖ್ಯವಾದುದಲ್ಲ.

ಮುಖ್ಯ ಅಂತರವಿರುವುದು ಅಕ್ಷರದ ಆಕಾರ ಯಾರ ಅಧೀನ ಎಂಬುದರಲ್ಲಿ. ಬಿ.ಬಿ.ಸಿ. ಯಂತ್ರದ 7ನೆಯ ಮೋಡ್ ಕೇವಲ 1 ಕಿಲೋಬೈಟ್ ಸ್ಮೃತಿಯಲ್ಲಿ ಇಡೀ ಪರದೆಯನ್ನು ತುಂಬುವ ಮಿತವ್ಯಯಿ. ಆದರೆ ಅದರ ಅಕ್ಷರರೂಪಗಳು ಪ್ರತ್ಯೇಕ ಚಿಪ್ಪೊಂದರಲ್ಲಿ ಅಚ್ಚಾಗಿಹೋಗಿದ್ದುವು. ಕನ್ನಡದ ಒಂದಕ್ಷರಕ್ಕೂ ಅಲ್ಲಿ ಎಡೆಯಿಲ್ಲ. ಅದೇ ಯಂತ್ರದ 4ನೆಯ ಮೋಡ್ 10 ಕಿಲೋಬೈಟ್ ಬೇಡಿದರೂ ಅಗಲದ 320 ಬಿಂದುಗಳೂ ಎತ್ತರದ 256 ಬಿಂದುಗಳೂ ಬರೆಯುವವನ ವಶವಾಗುತ್ತವೆ. ಅಕ್ಷರವನ್ನು ಮನೆಯ ಗೆರೆ ಮೀರಿ ಯಾವ ಬಿಂದುವಿನಲ್ಲಾದರೂ, ಮತ್ತೊಂದು ಅಕ್ಷರದ ಮೇಲಾದರೂ ಇಡುವ ಆಜ್ಞೆ ಅದರಲ್ಲಿದ್ದಿತು. ಒತ್ತಕ್ಷರಕ್ಕೆ ಬೇಕಾದುದು ಇದೇ.

ಸ್ಪೆಕ್ಟ್ರಮ್‌ನಲ್ಲಿಯೂ ಅಕ್ಷರದ ಮೇಲೆ ಅಕ್ಷರವನ್ನು ಮುದ್ರಿಸಬಹುದಾಗಿದ್ದರೂ ಬೇಸಿಕ್ ಭಾಷೆಯ ಮುದ್ರಣಾಜ್ಞೆ ಮನೆಯ ಎಲ್ಲೆಯನ್ನು ದಾಟುತ್ತಿರಲಿಲ್ಲ. ಒಂದು ಮನೆಗೆ ಎರಡೇ ಬಣ್ಣಗಳೆಂಬ ಕಟ್ಟು ಬೇರೆ. ಕಮೊಡೋರ್‌ನಲ್ಲಿ 16 ಬಣ್ಣಗಳೂ 8 ಚಲಚಿತ್ರಿಕೆಗಳೂ ಇದ್ದುವು. ಪಟ್ಟಿಗಳಲ್ಲಿ ಅದಕ್ಕೆ ಅಗ್ರಸ್ಥಾನ ದೊರೆಯುವುದು ಇದರಿಂದಲೇ. ಆದರೆ ಅದರ ಅಕ್ಷರಪರದೆಗೆ ಏಕಕಾಲದಲ್ಲಿ 256 ರೂಪಗಳಷ್ಟೇ ಲಭ್ಯ. ಕನ್ನಡದ 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ, ಒತ್ತಕ್ಷರವನ್ನು ಬಿಟ್ಟೂ, 442 ರೂಪಗಳಾಗುತ್ತವೆ. ಬಿಂದುಪರದೆ ಅದರಲ್ಲಿಯೂ ಇದ್ದಿತು. ಆದರೆ ಅದರ ಬೇಸಿಕ್ ಭಾಷೆಯಲ್ಲಿ ಒಂದು ಬಿಂದುವನ್ನಿಡುವ ಆಜ್ಞೆಯೂ ಇರಲಿಲ್ಲ. ಸ್ಮೃತಿಯ ವಿಳಾಸಗಳಿಗೆ ಅಂಕಿಗಳನ್ನು ಒಂದೊಂದಾಗಿ ತುಂಬಬೇಕಾಗಿದ್ದಿತು.

ಅಂದಿನ ಯಂತ್ರಗಳ ಸ್ಮೃತಿ ಅತ್ಯಲ್ಪ, ಕನ್ನಡದಂಥ ಸಂಕೀರ್ಣ ಲಿಪಿಗೆ ಅಲ್ಲಿ ಸ್ಥಳವೆಲ್ಲಿ ಎಂದು ಕೆಲವರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ವ್ಯಂಜನಗಳು, ಅವುಗಳ ಒತ್ತುಗಳು, ಸ್ವರಗಳು, ಸ್ವರಚಿಹ್ನೆಗಳು ಸೇರಿ ಸುಮಾರು 100 ರೂಪಗಳೆಂದೂ, ಪ್ರತಿಯೊಂದಕ್ಕೂ 16 ಬಿಂದುಗಳ ಚೌಕವೆಂದೂ ಇಟ್ಟುಕೊಂಡರೆ ಒಟ್ಟು 3,200 ಬೈಟುಗಳಾಗುತ್ತವೆ. ಬಿ.ಬಿ.ಸಿ. ಮೈಕ್ರೋದ 32 ಕಿಲೋಬೈಟುಗಳಲ್ಲಿ ಪರದೆಗೆ 10 ಸಂದ ಮೇಲೂ ಇದಕ್ಕೆ ಸ್ಥಳವುಂಟು. ಆದುದರಿಂದ ಸ್ಮೃತಿಯ ಬಡತನವೊಂದನ್ನೇ ಕಾರಣವೆಂದು ಒಪ್ಪಲು ನಮಗೆ ಸಾಧ್ಯವಿಲ್ಲ. ಅಕ್ಷರವೆಂದರೆ ಒಂದು ಮನೆಗೆ ಒಂದು ರೂಪ ಎಂಬ ರೋಮನ್ ಲಿಪಿಯ ಕಲ್ಪನೆಯನ್ನು ಯಂತ್ರದೊಡನೆ ವಿಮರ್ಶೆಯಿಲ್ಲದೆ ಸ್ವೀಕರಿಸಿದುದೇ ದೊಡ್ಡ ಕೊರತೆ.

ಈ ಕೊರತೆಯನ್ನು ಮನಗಂಡ ಪ್ರಯತ್ನಗಳೂ ನಡೆದುವು. ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ತಂತ್ರವು ಭಾರತೀಯ ಲಿಪಿಗಳ ಜೋಡಣೆಯ ಕೆಲಸವನ್ನು ಪ್ರತ್ಯೇಕ ಕಾರ್ಡೊಂದಕ್ಕೆ ಒಪ್ಪಿಸಿತು. ಇಂದು ಯೂನಿಕೋಡ್ ವ್ಯವಸ್ಥೆಯು ಕಂಪ್ಲಿ ಎಂಬ ಹೆಸರನ್ನು ಉಚ್ಚಾರಣೆಯ ಕ್ರಮದಲ್ಲಿ 6 ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ; ಒತ್ತನ್ನು ಕೆಳಗಿಳಿಸುವ ಹೊಣೆ ಲಿಪಿವಿನ್ಯಾಸದ ತಂತ್ರಾಂಶದ್ದು. ಕಿವಿಯ ಕ್ರಮ ಬೇರೆ, ಕಣ್ಣಿನ ಕ್ರಮ ಬೇರೆ ಎಂಬ ವಿವೇಕ ಇಲ್ಲಿ ನೆಲೆಗೊಂಡಿದೆ.

ಇದರಿಂದ ಸಿದ್ಧವಾಗುವ ತಾರತಮ್ಯ ರೂಢಿಯ ಪಟ್ಟಿಗಿಂತ ಭಿನ್ನವಾದುದು. 8 ಮೂಲವರ್ಣಗಳ ಬಿ.ಬಿ.ಸಿ. ಮೈಕ್ರೋ ನಮ್ಮ ಒರೆಗಲ್ಲಿನಲ್ಲಿ 16 ವರ್ಣಗಳ ಕಮೊಡೋರಿಗಿಂತ ಮೇಲಾಗುತ್ತದೆ. ಆದರೂ ಶಾಲೆಯ ವಿದ್ಯಾರ್ಥಿ ಆ ಯಂತ್ರವನ್ನು ಹಚ್ಚಿದೊಡನೆ ಕಂಡುದು ಇಂಗ್ಲಿಷನ್ನೊಂದೇ. ತನ್ನ ಊರಿನ ಹೆಸರನ್ನು ಬರೆಯುವ ಶಕ್ತಿ ಅದರೊಳಗೇ ಇದ್ದಿತೆಂಬುದನ್ನು ಯಂತ್ರ ತಾನಾಗಿ ತಿಳಿಸಲಾರದು, ಕಲಿಸುವವರು ತಿಳಿಸಬೇಕಾಗಿದ್ದಿತು. ಹಳೆಯ ಯಂತ್ರಗಳ ಚರಿತ್ರೆಯನ್ನು ಬರೆಯುವವರು ಇನ್ನು ಮುಂದಾದರೂ ಬಣ್ಣಗಳನ್ನು ಎಣಿಸುವ ಮೊದಲು ಕಂಪ್ಲಿ ಎಂದು ಬರೆಯಿಸಿ ನೋಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ.