ನೊಂದವರು ಬರೆದ ಶುಶ್ರೂಷಾಗ್ರಂಥ

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ದೀಪ ಹಿಡಿದ ಮಹಿಳೆಯ ಚಿತ್ರವೇ ಕಣ್ಮುಂದೆ ಬರುತ್ತದೆ. 1859ರಲ್ಲಿ ಹೊರಬಂದ ಅವರ ‘ನೋಟ್ಸ್ ಆನ್ ನರ್ಸಿಂಗ್’ ಗ್ರಂಥವನ್ನು ಓದುವವರು ಆ ದೀಪವನ್ನು ತುಸು ಬದಿಗಿಡಬೇಕು. ಏಕೆಂದರೆ ಅದನ್ನು ಬರೆಯುವಾಗ ಲೇಖಕಿ ಸ್ವತಃ ರೋಗಿಯಾಗಿದ್ದರು. 1855ರಲ್ಲಿ ಕ್ರಿಮಿಯಾದಲ್ಲಿ ತಗುಲಿದ ಜ್ವರ ಅವರ ಪ್ರಾಣಕ್ಕೇ ಸಂಚಕಾರ ತಂದಿತ್ತು. 1857ರಿಂದ ಮುಂದೆ ಅವರು ಬಹುಕಾಲ ಹಾಸಿಗೆ ಹಿಡಿದಿದ್ದರು. ಶುಶ್ರೂಷೆ ಮಾಡುವವರ ಸ್ವಂತ ನೋವು ಪರರ ನೋವನ್ನು ನೀಗಲು ಎಷ್ಟರಮಟ್ಟಿಗೆ ನೆರವಾದೀತು ಎಂಬುದಕ್ಕೆ ಈ ಗ್ರಂಥ ಒಳ್ಳೆಯ ಸಾಕ್ಷ್ಯ.

ಸ್ವಾನುಭವದ ಮಾತು ಇಲ್ಲಿ ವಿರಳ. ಜ್ವರಪೀಡಿತರು ಗುಡಿಸಲಿನಲ್ಲಿ ಮಲಗಿ, ಕಿಟಕಿಯಾಚೆ ಏನೂ ಕಾಣದೆ, ಹಲಗೆಯ ಗಂಟುಗಳನ್ನೇ ದಿಟ್ಟಿಸಬೇಕಾದ ಯಾತನೆಯನ್ನು ವರ್ಣಿಸುವಾಗ, ಅದನ್ನು ತಾವೂ ಉಂಡದ್ದುಂಟೆಂದು ನಡುವೆ ಹೇಳಿ ಮುಂದೆ ಸಾಗುತ್ತಾರೆ. ಯಾರೋ ಕಳುಹಿಸಿದ ಕಾಡುಹೂಗಳು ಬಂದ ಗಳಿಗೆಯಿಂದ ತಮ್ಮ ಚೇತರಿಕೆ ಚುರುಕಾಯಿತೆಂಬುದೂ ಅಂಥದೇ ಮಾತು. ಆದರೆ ರೋಗಿಯ ಕೋಣೆಯ ಹೊರಗೆ ಪಿಸುಗುಟ್ಟುವವರ ಮೇಲೆ, ಬರಿದೆ ಭರವಸೆ ನೀಡಿ ಹೋಗುವ ಬಂಧುಮಿತ್ರರ ಮೇಲೆ ಅವರು ತೋರುವ ಸಿಟ್ಟು, ಮಲಗಿದ್ದು ಅದನ್ನೆಲ್ಲ ಕೇಳಿಸಿಕೊಂಡವರ ಸಿಟ್ಟೇ ಸರಿ.

ಹೀಗಿದ್ದೂ ತಮ್ಮ ನೋವನ್ನು ಅವರು ಅಳತೆಗೋಲಾಗಿಸುವುದಿಲ್ಲ. ಇದೇ ಗ್ರಂಥದ ಹಿರಿಮೆ. ರಾತ್ರಿ ಸುಖವಾಗಿ ಕಳೆಯಿತೇ ಎಂದು ಕೇಳುವುದು ವ್ಯರ್ಥ. ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ನಿದ್ರೆ ಬಂತೆಂದು ಕೇಳಬೇಕೆಂಬುದು ಅವರ ಬೋಧೆ. ನೊಂದು ಬಂದ ದಾದಿಗೆ ಇದು ಅತ್ಯವಶ್ಯ. ತಾನು ಸಹಿಸಿದ್ದನ್ನು ಈ ರೋಗಿಯೇಕೆ ಸಹಿಸಬಾರದೆಂದು ಆಕೆ ನೋವಿನ ಔಷಧವನ್ನು ತಡಮಾಡಬಹುದು. ತನ್ನ ಮನೆಯ ಸೇರಿನಿಂದ ಊರವರ ಧಾನ್ಯವನ್ನೆಲ್ಲ ಅಳೆದಂತೆ. ತನ್ನದೇ ನೋವನ್ನು ರೋಗಿಯಲ್ಲಿ ಕಂಡು ಕಂಗೆಡಲೂಬಹುದು. ಮೊದಲನೆಯದು ಹೆಚ್ಚು ಕ್ರೂರ, ಏಕೆಂದರೆ ಅದು ಸಹನೆಯೆಂಬ ಸದ್ಗುಣದ ವೇಷ ತೊಟ್ಟು ಬರುತ್ತದೆ. (ತಾನಾಗಿ ಕೈಗೊಂಡ ಉಪವಾಸ ತಪಸ್ಸು, ಪರರ ಮೇಲೆ ಹೇರಿದ್ದು ಹಿಂಸೆ ಎಂಬುದನ್ನು ಶ್ರಾವಕರಿಗೆ ಬಿಡಿಸಿ ಹೇಳಬೇಕಿಲ್ಲ.)

ಗ್ರಂಥದ ಅಧಿಕಾರವಾಣಿ ಕೆಲವೆಡೆ ಬೇಸರ ತರಿಸುತ್ತದೆ. ಅದು ಸಣ್ಣ ದೋಷ. ದೊಡ್ಡ ಕೊರತೆಯೆಂದರೆ, ದಾದಿಯ ಕಣ್ಣಿಗೆ ಇತ್ತ ಪ್ರಾಮಾಣ್ಯವನ್ನು ಲೇಖಕಿ ರೋಗಿಯ ಮಾತಿಗೆ ಕೊಡಲಿಲ್ಲ. ನೋವು ಕಣ್ಣಿಗೆ ಕಾಣುವ ವಸ್ತುವಲ್ಲ. ಅನುಭವಿಸುವವರು ಹೇಳಿದ್ದೇ ನೋವು, ಇದೆಯೆಂದಾಗ ಅದು ಇದ್ದೇ ಇದೆ ಎಂಬರ್ಥದ ಸೂತ್ರವನ್ನು ಅಮೆರಿಕದ ದಾದಿ ಮಾರ್ಗೊ ಮೆಕ್‌ಕ್ಯಾಫ್ರಿ ಮಂಡಿಸಿದ್ದು 1968ರಲ್ಲಿ, 109 ವರ್ಷಗಳ ತರುವಾಯ. ನಿದ್ರೆಯ ಗಂಟೆಗಳನ್ನು ಅಷ್ಟು ನಿಖರವಾಗಿ ಕೇಳಲು ಕಲಿಸಿದ ನೈಟಿಂಗೇಲರು, ನೋವಿನ ವಿಷಯದಲ್ಲಿಯೂ ಹಾಗೆಯೇ ಕೇಳಿ, ಬಂದ ಉತ್ತರವನ್ನು ನಂಬಿರೆಂದು ಹೇಳದೆಹೋದರು.