ಗಾಜಿನ ಚಿತ್ರಕಾರ ಬ್ರಯಾನ್ ಕ್ಲಾರ್ಕ್

ಬಟ್ಟೆಯ ಮೇಲೆ ಬಳಿದ ಬಣ್ಣಕ್ಕೆ ಬೆಳಕು ತಾಗಿ, ಹಿಂದಿರುಗಿ ನಮ್ಮ ಕಣ್ಣನ್ನು ಸೇರುತ್ತದೆ. ಗಾಜಿನಲ್ಲಿ ಹಾಗಲ್ಲ, ಬೆಳಕು ಬಣ್ಣವನ್ನು ಹಾಯ್ದೇ ಬರಬೇಕು. ಮೂರನೆಯ ತರಗತಿಯ ಮಕ್ಕಳಿಗೆ ಒಮ್ಮೆ ಕೆಂಪು ಜಿಲೇಟಿನ್ ಕಾಗದವನ್ನು ಕಿಟಕಿಗೆ ಹಿಡಿದು ತೋರಿಸಿದೆ. ಅವರು ಕಾಗದವನ್ನು ಮರೆತು ತಮ್ಮ ಸ್ಲೇಟಿನ ಮೇಲೆ ಬಿದ್ದ ಕೆಂಪನ್ನೇ ನೋಡತೊಡಗಿದರು. ಗಾಜಿನ ಚಿತ್ರ ತನ್ನ ಚೌಕಟ್ಟಿನಲ್ಲಿ ನಿಲ್ಲುವುದಿಲ್ಲ, ನೆಲದ ಮೇಲೂ ನೋಡುವವನ ಮೈಮೇಲೂ ಹರಿಯುತ್ತದೆ. ಈ ಗುಣವನ್ನು ಬಲ್ಲ ಕಲಾವಿದನೊಬ್ಬನ ಕೃತಿಗಳನ್ನು ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ. ನಾನು ಅವುಗಳನ್ನು ಕಂಡದ್ದು ಮುದ್ರಿತ ಪಟಗಳಲ್ಲಿ ಮಾತ್ರ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಬ್ರಯಾನ್ ಕ್ಲಾರ್ಕ್ 1953ರಲ್ಲಿ ಇಂಗ್ಲೆಂಡಿನ ಓಲ್ಡಂ ಎಂಬ ಹತ್ತಿಗಿರಣಿಗಳ ಊರಿನಲ್ಲಿ ಜನಿಸಿದನು. ತಂದೆ ಕಲ್ಲಿದ್ದಲ ಗಣಿಯ ಕೂಲಿಕಾರ, ತಾಯಿ ಗಿರಣಿಯಲ್ಲಿ ನೂಲುವವಳು. ಎಳೆಯ ವಯಸ್ಸಿನಲ್ಲಿಯೇ ವಿದ್ಯಾರ್ಥಿವೇತನ ದೊರೆತು ಆತ ಕಲಾಶಾಲೆಯನ್ನು ಸೇರಿದನು. ಇಪ್ಪತ್ತೈದು ತುಂಬುವ ಮೊದಲೇ ಇಗರ್ಜಿಗಳ ಕಿಟಕಿಗಳು ಅವನ ಕೈಗೆ ಬಂದಿದ್ದವು.

ಯೂರೋಪಿನಲ್ಲಿ ವರ್ಣಗಾಜಿನ ಕೆಲಸಕ್ಕೆ ಎಂಟುನೂರು ವರ್ಷಗಳಿಗೂ ಮಿಕ್ಕ ಪರಂಪರೆಯಿದೆ. ಬಣ್ಣದ ಗಾಜನ್ನು ತುಂಡರಿಸಿ ಸೀಸದ ಪಟ್ಟಿಗಳಿಂದ ಜೋಡಿಸುವುದು ಅದರ ವಿಧಾನ. ಸೀಸವಿಲ್ಲದೆ ಗಾಜು ನಿಲ್ಲದು, ಆದರೆ ಸೀಸದ ಕಪ್ಪು ಗೆರೆ ಚಿತ್ರದ ಮೇಲೆ ಬಿದ್ದೇ ತೀರುವುದು. ಹಿಂದಿನವರು ಈ ಗೆರೆಯನ್ನು ಆಕೃತಿಯ ಅಂಚಿನಲ್ಲಿ ಅಡಗಿಸಿದರು. ಎರಡನೆಯ ಮಹಾಯುದ್ಧದ ತರುವಾಯ ಜರ್ಮನಿಯ ಷಾಫ್ರಾತ್, ಷ್ರೈಟರ್ ಮೊದಲಾದವರು ಅದನ್ನು ರೇಖಾಚಿತ್ರವನ್ನಾಗಿಯೇ ಮಾಡಿದರು. ಕ್ಲಾರ್ಕನು ಅವರಿಂದ ಕಲಿತನು. ಅನಂತರ ಅವರಿಂದ ದೂರ ಸರಿದನು. ಕಟ್ಟಡಕ್ಕೆ ಬಳಸುವ ಚಪ್ಪಟೆ ಗಾಜಿನ ಮೇಲೆ ಎನಾಮಲ್ ಬಣ್ಣವನ್ನಚ್ಚಿ, ಕುಲುಮೆಯಲ್ಲಿ ಸುಟ್ಟು, ಸೀಸವೇ ಇಲ್ಲದ ಚಿತ್ರಗಳನ್ನು ರಚಿಸಿದನು. 2000ದ ಬಳಿಕ ಇದಕ್ಕೆ ನೇರ ವಿರುದ್ಧವಾಗಿ, ಗಾಜು ಅತ್ಯಲ್ಪವಾಗಿದ್ದು ಸೀಸದ ಹಾಳೆಯೇ ಪ್ರಧಾನವಾದ ಕೃತಿಗಳನ್ನೂ ಮಾಡಿದನು. ಅವುಗಳಲ್ಲಿ ತಲೆಬುರುಡೆಗಳೂ ಉಂಟು. ಬೆಳಕಿನ ಕವಿಯೆಂದು ಹೊಗಳಿಸಿಕೊಳ್ಳುವುದರಲ್ಲೇ ತೃಪ್ತನಾಗಿದ್ದರೆ ಈತನಿಗೆ ಇದು ಸಾಧ್ಯವಾಗುತ್ತಿರಲಿಲ್ಲ.

ಅವನ ಕೃತಿಗಳಲ್ಲಿ ನನ್ನನ್ನು ಬಹುವಾಗಿ ಕಾಡಿದುದು ಜರ್ಮನಿಯ ಡಾರ್ಮ್‌ಷ್ಟಾಟ್ ನಗರದ ಯೆಹೂದ್ಯರ ಪ್ರಾರ್ಥನಾಮಂದಿರದ ಕಿಟಕಿಗಳು. 1938ರ ನವೆಂಬರಿನಲ್ಲಿ ನಾಜಿಗಳು ಆ ದೇಶದಲ್ಲೆಲ್ಲ ಯೆಹೂದ್ಯರ ಅಂಗಡಿಗಳನ್ನೂ ಮಂದಿರಗಳನ್ನೂ ಹಾಳುಗೆಡವಿದರು. ಡಾರ್ಮ್‌ಷ್ಟಾಟ್‌ನ ಮಂದಿರಗಳೂ ಉಳಿಯಲಿಲ್ಲ. ಬೀದಿಗಳಲ್ಲಿ ಹರಡಿದ ಗಾಜಿನ ಚೂರುಗಳಿಂದಲೇ ಆ ರಾತ್ರಿಗೆ ಹೆಸರು ಬಂದಿತು. ಸರಿಯಾಗಿ 50 ವರ್ಷಗಳ ಮೇಲೆ, 1988ರಲ್ಲಿ, ವಾಸ್ತುಶಿಲ್ಪಿ ಆಲ್ಫ್ರೆಡ್ ಯಾಕೊಬಿ ಕಟ್ಟಿದ ಹೊಸ ಮಂದಿರ ತೆರೆಯಿತು. ಒಡೆದ ಗಾಜಿನಿಂದ ಹೆಸರಾದ ದುಃಖವನ್ನು ನೆನೆಯಲು ಗಾಜನ್ನೇ ಬಳಸುವುದು ಎಂಥ ಅಪಾಯದ ಕೆಲಸ! ತುಸು ಅತಿಯಾದರೆ ಅದು ನಾಟಕವಾದೀತು. ಕ್ಲಾರ್ಕನು ಅಲ್ಲಿ ಬೆಂಕಿಯನ್ನಾಗಲಿ ಅಳುವ ಮುಖವನ್ನಾಗಲಿ ಬರೆಯಲಿಲ್ಲ. ಒಂದೆಡೆ ಕೆಂಪು, ಇನ್ನೊಂದೆಡೆ ನೀಲಿ. ನಡುವೆ ಪ್ರಾರ್ಥಿಸುವ ಜನ. ಹೊತ್ತು ಸರಿದಂತೆ ಬೆಳಕೂ ಸರಿಯುವುದರಿಂದ, ಕೂತವರ ಮೇಲೆ ಬೀಳುವ ಬಣ್ಣವೂ ಬದಲಾಗುತ್ತಿರಬೇಕು. ಹೇಳದೆ ಬಿಟ್ಟುದರಲ್ಲಿಯೇ ಇಲ್ಲಿ ಅವನ ಸಂಯಮವಿದೆ.

ಎಲ್ಲ ಕಡೆಯೂ ಇದೇ ಮಾತನ್ನು ಹೇಳಲಾರೆ. ಕಜಾಕ್‌ಸ್ತಾನದ ರಾಜಧಾನಿಯಲ್ಲಿ ನಾರ್ಮನ್ ಫಾಸ್ಟರ್ 2006ರಲ್ಲಿ ಕಟ್ಟಿದ 62 ಮೀಟರ್ ಎತ್ತರದ ಶಾಂತಿ ಪಿರಮಿಡ್ಡಿನ ನೆತ್ತಿಗೆ ಕ್ಲಾರ್ಕನು ಪಾರಿವಾಳಗಳನ್ನು ಹಾರಿಸಿದ್ದಾನೆ. ಶಾಂತಿಗೆ ಪಾರಿವಾಳ ಎಂಬುದು ನಮ್ಮ ನಾಲ್ಕನೆಯ ತರಗತಿಯ ಹುಡುಗನಿಗೂ ಹೊಳೆಯುವ ಸಂಗತಿ. ಬಣ್ಣ ಮನೋಹರವಾಗಿದೆ, ಕಲ್ಪನೆ ಮಾತ್ರ ಸರಕಾರದ ಅಪ್ಪಣೆಗೆ ತಲೆಬಾಗಿದಂತೆ ತೋರುತ್ತದೆ. ದೊಡ್ಡ ಕಟ್ಟಡಗಳ ಆಶ್ರಯದಲ್ಲಿ ಬೆಳೆಯುವ ಕಲೆಗೆ ಈ ತೊಡಕು ತಪ್ಪಿದ್ದಲ್ಲ. ಗೋಡೆ ಮತ್ತೊಬ್ಬನದು, ಹಣ ಇನ್ನೊಬ್ಬನದು.

ಆತನಿಗೂ ಇದು ಅರಿವಾಗಿದ್ದಿರಬಹುದು. ಕೊನೆಯ ವರ್ಷಗಳಲ್ಲಿ ಗೋಡೆಯ ಹಂಗಿಲ್ಲದೆ ತಾವೇ ನಿಲ್ಲುವ, ಮಡಿಸುವ ತಡಿಕೆಗಳಂತಹ ಗಾಜಿನ ಪರದೆಗಳನ್ನು ರಚಿಸಿದನು. 2018ರಲ್ಲಿ ನಾರಿಚ್ ನಗರದ ಸೇನ್ಸ್‌ಬರಿ ಕಲಾಕೇಂದ್ರದಲ್ಲಿ ಅವು ಪ್ರದರ್ಶಿತವಾದವು. ಗಾಜು ಸ್ವತಂತ್ರವಾಯಿತೆಂದು ರಸಿಕರು ಹರ್ಷಪಟ್ಟರೆ ಅದು ಸಹಜವೇ. ಆ ಪರದೆಗಳಲ್ಲಿ ಅವನ ಕೈ ಹಿಂದೆಂದಿಗಿಂತ ಹಗುರವಾಗಿ ಆಡಿದೆಯೆಂಬುದನ್ನು ನಾನೂ ಒಪ್ಪುತ್ತೇನೆ. ಆದರೂ ಒಂದು ಆಕ್ಷೇಪವಿದೆ. ಗೋಡೆಯನ್ನು ಬಿಟ್ಟ ಗಾಜು ದಾರಿಹೋಕನನ್ನೂ ಬಿಟ್ಟಿತು. ಹುಡುಕಿಕೊಂಡು ಬಂದವರಿಗಷ್ಟೇ ಅದು ಕಾಣುವುದು.

2025ರ ಜುಲೈ 1ರಂದು ಕ್ಲಾರ್ಕನು ತೀರಿಕೊಂಡನು. ಲೀಡ್ಸ್ ನಗರದಲ್ಲಿ ಕ್ವೀನ್ ವಿಕ್ಟೋರಿಯಾ ಬೀದಿ ಎಂಬ ಅಂಗಡಿಬೀದಿಯಿದೆ. 1990ರಲ್ಲಿ ಅದರ ಉದ್ದಕ್ಕೂ ಆತ 700 ಚದರ ಮೀಟರಿಗೂ ಮಿಕ್ಕ ಬಣ್ಣದ ಗಾಜಿನ ಮಾಡನ್ನು ಹೊದಿಸಿದನು. ಆಚೀಚೆಯ ಹಳೆಯ ಕಟ್ಟಡಗಳ ನಡುವೆ ಅದು ಗದ್ದಲದ ಹಬ್ಬದಂತಿದೆ. ಅಷ್ಟು ಬಣ್ಣ ಬೇಕಿತ್ತೇ ಎಂದು ಮೊದಲು ನನಗೂ ಅನಿಸಿತ್ತು. ಈಗ ಅನಿಸುವುದಿಲ್ಲ. ಸಂತೆ ಸಾಮಾನು ಕೊಳ್ಳಲು ಬಂದವರ ಚೀಲಗಳ ಮೇಲೂ ಅಲ್ಲಿ ಕೆಂಪು, ನೀಲಿ ಬೀಳುತ್ತವೆ. ಅದನ್ನು ನೋಡಲು ಯಾರೂ ಚೀಟಿ ಕೊಳ್ಳಬೇಕಾಗಿಲ್ಲ.