ಮನೆ ಯಾರದು, ಗಾದಿ ಯಾರಿಗೆ: ಕ್ವಿಯರ್ ಫ್ಯಾಂಟಸಿ ಓದುವ ಬಗೆ

ಕ್ವಿಯರ್ ಫ್ಯಾಂಟಸಿ ಮತ್ತು ವಿಜ್ಞಾನ ಕಾದಂಬರಿಗಳಲ್ಲಿ ಎರಡು ಬಗೆಯ ಲೋಕಗಳಿವೆ. ಒಂದರಲ್ಲಿ ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಪ್ರೀತಿಸುವುದು ಅಪರಾಧ, ಇಲ್ಲವೇ ಗುಟ್ಟು. ಇನ್ನೊಂದರಲ್ಲಿ ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಹೊಸ ಓದುಗರು ಸಾಮಾನ್ಯವಾಗಿ ಮೊದಲನೆಯದನ್ನು ಗಂಭೀರವೆಂದೂ ಎರಡನೆಯದನ್ನು ಹಗಲುಗನಸೆಂದೂ ವಿಂಗಡಿಸಿಬಿಡುತ್ತಾರೆ. ಈ ವಿಂಗಡಣೆ ನಿಲ್ಲುವುದಿಲ್ಲ. ಎರಡೂ ಲೋಕಗಳಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಮನೆತನ ನಡೆಯುವುದು ಹೇಗೆ? ಹೆರುವವರು ಯಾರು, ಮದುವೆಗೆ ಯಾರ ಒಪ್ಪಿಗೆ ಬೇಕು, ಆಸ್ತಿ ಯಾರ ಹೆಸರಿಗೆ ಹೋಗುತ್ತದೆ, ಸತ್ತವರ ವಾರಸುದಾರರು ಯಾರು? ಈ ಪ್ರಕಾರದ ಒಳ್ಳೆಯ ಕಾದಂಬರಿಗಳೆಲ್ಲ ತಮ್ಮ ಬುದ್ಧಿಯನ್ನು ಖರ್ಚು ಮಾಡಿರುವುದು ಇಲ್ಲಿ.

ಜನಪ್ರಿಯ ಅಭಿರುಚಿ ಇದನ್ನು ಗಮನಿಸುವುದೇ ಇಲ್ಲ. ಶತ್ರುಗಳು ಪ್ರೇಮಿಗಳಾಗುವ ಕಥೆ ಬೇಕು, ರಾಣಿ ಮತ್ತು ಅಂಗರಕ್ಷಕಿಯ ಕಥೆ ಬೇಕು ಎಂದು ಪಟ್ಟಿ ಹಿಡಿದು ಪುಸ್ತಕ ಆರಿಸುವವರು ಮುತ್ತಿನ ಪುಟ ಬರುವವರೆಗೆ ಓದಿ, ಅಲ್ಲಿಂದಾಚೆ ಕಣ್ಣಾಡಿಸಿ ಮುಗಿಸುತ್ತಾರೆ. ಪ್ರಕಾಶಕರೂ ಅದಕ್ಕೆ ತಕ್ಕಂತೆ ಮುಖಪುಟ ಕಟ್ಟುತ್ತಾರೆ. ಟ್ಯಾಮ್ಸಿನ್ ಮ್ಯೂರ್ ಅವರ 'ಗಿಡಿಯನ್ ದ ನೈಂತ್' (2019) ಮಾರಾಟವಾದದ್ದು ಬಾಹ್ಯಾಕಾಶದಲ್ಲಿ ಶವಮಂತ್ರ ಮಾಡುವ ಲೆಸ್ಬಿಯನ್ನರ ಕಥೆ ಎಂಬ ಒಂದು ಸಾಲಿನ ಬಲದಿಂದ. ಆ ಸಾಲನ್ನು ನಂಬಿ ಪ್ರಣಯಕ್ಕಾಗಿ ಹುಡುಕಿದವರಿಗೆ ಸಿಕ್ಕಿದ್ದು ಒಂದು ಜೀತದ ಸಂಬಂಧ: ಒಂದೇ ಮನೆತನದಲ್ಲಿ ಬೆಳೆದು ಒಬ್ಬರನ್ನೊಬ್ಬರು ದ್ವೇಷಿಸುವ ಒಡತಿ ಮತ್ತು ಆಳು, ಅವರನ್ನು ಕಟ್ಟಿಹಾಕುವ ಒಂದು ಆಣೆ. ನಿರಾಶೆಗೊಂಡವರು ಓದಬೇಕಾದ ಪುಸ್ತಕವನ್ನು ಕೈಯಲ್ಲಿಟ್ಟುಕೊಂಡೇ ಬೇರೊಂದನ್ನು ಹುಡುಕುತ್ತಿದ್ದರು.

ವಂಶದ ಪ್ರಶ್ನೆ ಈ ಪ್ರಕಾರದ ಹುಟ್ಟಿನಲ್ಲೇ ಇದೆ. ಐರಿಷ್ ಲೇಖಕ ಶೆರಿಡನ್ ಲೆ ಫಾನು ಅವರ 'ಕಾರ್ಮಿಲ್ಲಾ' ಪುಸ್ತಕರೂಪದಲ್ಲಿ ಬಂದದ್ದು 1872ರಲ್ಲಿ, 'ಡ್ರಾಕುಲಾ'ಗಿಂತ 25 ವರ್ಷ ಮೊದಲು. ಆಸ್ಟ್ರಿಯಾದ ಸ್ಟಿರಿಯಾ ಪ್ರಾಂತದ ಒಂಟಿ ಕೋಟೆಮನೆಯಲ್ಲಿ ಲಾರಾ ಎಂಬ ಹುಡುಗಿಯ ಬಳಿ ಅತಿಥಿಯಾಗಿ ಬಂದು ಸೇರುವ ಕಾರ್ಮಿಲ್ಲಾ ರಕ್ತಪಿಪಾಸು. ಅವಳ ಮಾತು, ಅಪ್ಪುಗೆ, ಅಸೂಯೆ ಎಲ್ಲವೂ ಪ್ರೇಮಿಯದು. ಮೊದಲ ಓದಿನಲ್ಲಿ ಹಾರಿಹೋಗುವ ಸಂಗತಿ ಬೇರೆ ಇದೆ: ಲಾರಾಳ ತಾಯಿ ಕಾರ್ನ್‌ಸ್ಟೈನ್ ವಂಶದವಳು, ಕಾರ್ಮಿಲ್ಲಾ ಅದೇ ವಂಶದ ಸತ್ತುಹೋದ ಕೌಂಟೆಸ್. ತಾಯಿಯಿಲ್ಲದ ಹುಡುಗಿಯನ್ನು ಹುಡುಕಿಕೊಂಡು ಬಂದದ್ದು ಅವಳ ತವರಿನ ರಕ್ತವೇ. ಇದನ್ನು ಕಂಡ ಮೇಲೆ ಕಥೆ ಹೊರಗಿನಿಂದ ಬಂದ ರಾಕ್ಷಸಿಯ ಕಥೆಯಾಗಿ ಉಳಿಯುವುದಿಲ್ಲ.

ವರ್ಜೀನಿಯಾ ವುಲ್ಫ್ ಅವರ 'ಒರ್ಲಾಂಡೊ' (1928) ಈ ಪ್ರಶ್ನೆಯನ್ನು ನೇರವಾಗಿ ನ್ಯಾಯಾಲಯಕ್ಕೇ ಒಯ್ಯುತ್ತದೆ. ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಯುವಕನೊಬ್ಬ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಏಳು ದಿನ ನಿದ್ರಿಸಿ ಹೆಣ್ಣಾಗಿ ಏಳುತ್ತಾನೆ, ಶತಮಾನಗಳನ್ನು ದಾಟಿ ಬದುಕುತ್ತಾನೆ. ಈ ಚಮತ್ಕಾರವನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅವಳು ಇಂಗ್ಲೆಂಡಿಗೆ ಮರಳಿದಾಗ ಕಾದಿರುವ ದಾವೆಗಳನ್ನು ನೆನಪಿಟ್ಟವರು ಕಡಿಮೆ. ವ್ಯಕ್ತಿ ಸತ್ತಿದ್ದಾನೆ, ಆದ್ದರಿಂದ ಆಸ್ತಿ ಹೊಂದುವಂತಿಲ್ಲ. ಅವನು ಈಗ ಹೆಣ್ಣು, ಆದ್ದರಿಂದಲೂ ಹೊಂದುವಂತಿಲ್ಲ. ಅವನು ಗಂಡಾಗಿದ್ದಾಗ ನರ್ತಕಿಯೊಬ್ಬಳನ್ನು ಮದುವೆಯಾಗಿ ಮೂರು ಗಂಡುಮಕ್ಕಳನ್ನು ಪಡೆದಿದ್ದು, ಈಗ ಅವರು ಹಕ್ಕು ಸಾಧಿಸುತ್ತಿದ್ದಾರೆ. ದಾವೆಗಳು ತಲೆಮಾರುಗಳ ಕಾಲ ಎಳೆದಾಡುತ್ತವೆ. ಇದರ ಹಿಂದೆ ನಿಜವಾದ ನೋವಿದೆ. ವುಲ್ಫ್ ಈ ಪುಸ್ತಕವನ್ನು ಅರ್ಪಿಸಿದ್ದು ತಮ್ಮ ಪ್ರೇಯಸಿ ವೀಟಾ ಸ್ಯಾಕ್‌ವಿಲ್-ವೆಸ್ಟ್‌ಗೆ. ಅದೇ 1928ರ ಜನವರಿಯಲ್ಲಿ ವೀಟಾಳ ತಂದೆ ತೀರಿಕೊಂಡಾಗ, ಅವಳು ಹುಟ್ಟಿ ಬೆಳೆದ ನೋಲ್ ಅರಮನೆ, ಅವಳು ಹೆಣ್ಣೆಂಬ ಒಂದೇ ಕಾರಣಕ್ಕೆ, ಚಿಕ್ಕಪ್ಪನ ಪಾಲಾಯಿತು. ವುಲ್ಫ್ ಗೆಳತಿಗೆ ಆ ಮನೆಯನ್ನು ಕಾದಂಬರಿಯಲ್ಲಿ ಮರಳಿ ಕೊಟ್ಟರು. ಫ್ಯಾಂಟಸಿ ಮಾತ್ರ ಮಾಡಬಲ್ಲ ಕೆಲಸ ಇದು.

ಅರ್ಸುಲಾ ಲೆ ಗ್ವಿನ್ ಅವರ 'ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' (1969) ಹ್ಯೂಗೊ, ನೆಬ್ಯುಲಾ ಎರಡೂ ಪ್ರಶಸ್ತಿ ಪಡೆದ ಕಾದಂಬರಿ. ಗೆಥೆನ್ ಎಂಬ ಹಿಮಗ್ರಹದ ಜನ ತಿಂಗಳ ಬಹುಪಾಲು ದಿನ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಕೆಮ್ಮರ್ ಎಂಬ ಕೆಲವೇ ದಿನಗಳಲ್ಲಿ ಯಾರು ಬೇಕಾದರೂ ಯಾವುದಾದರೂ ಆಗಬಹುದು. ಒಬ್ಬರೇ ಒಂದು ಮಗುವಿಗೆ ತಾಯಿ, ಇನ್ನೊಂದಕ್ಕೆ ತಂದೆ. ಇಷ್ಟು ತಿಳಿದುಕೊಂಡು ಕಾದಂಬರಿ ಅರ್ಥವಾಯಿತೆನ್ನುವವರು ಬಾಗಿಲಲ್ಲೇ ನಿಂತಿದ್ದಾರೆ. ನೋಡಬೇಕಾದದ್ದು ಲೆ ಗ್ವಿನ್ ಇದರ ಮೇಲೆ ಕಟ್ಟಿದ ಕಟ್ಟಳೆಗಳನ್ನು. ಕಾರ್ಹೈಡ್ ದೇಶದ ದೊರೆ ಆರ್ಗಾವೆನ್‌ಗೆ ಈಗಾಗಲೇ ಏಳು ಮಕ್ಕಳಿದ್ದಾರೆ, ಆದರೆ ಅವರನ್ನು ಹೆತ್ತವರು ಬೇರೆಯವರು. ಪಟ್ಟಕ್ಕೆ ಬೇಕಾದದ್ದು ದೊರೆಯೇ ಸ್ವತಃ ಹೆತ್ತ ಮಗು. ಆದ್ದರಿಂದ ದೊರೆ ಬಸಿರಾಗಿರುವ ಸುದ್ದಿ ಆ ದೇಶಕ್ಕೆ ರಾಜಕೀಯ ಸುದ್ದಿ, ವಿಚಿತ್ರ ಸುದ್ದಿಯಲ್ಲ.

ಇನ್ನೊಂದು ಕಟ್ಟಳೆ ಇದಕ್ಕಿಂತ ಆಳವಾದದ್ದು. ಅಲ್ಲಿ ಒಡಹುಟ್ಟಿದವರು ಕೂಡುವುದಕ್ಕೆ ಅಡ್ಡಿಯಿಲ್ಲ. ಜೀವಮಾನದ ಜೋಡಿಯಾಗಿ ಆಣೆಯಿಟ್ಟುಕೊಳ್ಳುವುದಕ್ಕೆ ಮಾತ್ರ ನಿಷೇಧ. ನಿಷೇಧ ಬಿದ್ದಿರುವುದು ದೇಹದ ಮೇಲಲ್ಲ, ನಿಷ್ಠೆಯ ಮೇಲೆ. ಕಥಾನಾಯಕ ಎಸ್ಟ್ರಾವೆನ್‌ನ ಬದುಕನ್ನು ಸುಟ್ಟಿರುವುದು ಇದೇ ನಿಷೇಧ. ಲಿಂಗಭೇದವೇ ಇಲ್ಲದ ಲೋಕದಲ್ಲೂ ಸಮಾಜ ಪ್ರೀತಿಗೆ ಎಲ್ಲೋ ಒಂದು ಬೇಲಿ ಹಾಕಿಯೇ ಇರುತ್ತದೆ ಎಂಬುದನ್ನು ಇಷ್ಟು ಶಾಂತವಾಗಿ ತೋರಿಸಿದ ಕಾದಂಬರಿ ಇನ್ನೊಂದಿಲ್ಲ. ಕೊನೆಯ ಅಧ್ಯಾಯದಲ್ಲಿ ಭೂಮಿಯಿಂದ ಬಂದ ಗೆನ್ಲಿ ಐ, ಎಸ್ಟ್ರಾವೆನ್‌ನ ಹುಟ್ಟೂರಿಗೆ ಹೋಗಿ ಅವನನ್ನು ಹೆತ್ತವರನ್ನೂ ಅವನ ಮಗು ಸೋರ್ವೆಯನ್ನೂ ಕಾಣುತ್ತಾನೆ. ಬೇಲಿಯ ಕಥೆ ಗೊತ್ತಿಲ್ಲದೆ ಓದಿದವರಿಗೆ ಇದು ಸಂತಾಪ ಸೂಚಿಸುವ ಭೇಟಿ. ಗೊತ್ತಿದ್ದವರಿಗೆ ಸೋರ್ವೆಯ ಮುಖವೇ ಒಂದು ಇಡೀ ಪ್ರೇಮಕಥೆ.

ಜೋಆನಾ ರಸ್ ಸಿಟ್ಟಿನ ಲೇಖಕಿ, ಆ ಸಿಟ್ಟನ್ನು ಸಿಟ್ಟಾಗಿಯೇ ಸ್ವೀಕರಿಸಬೇಕು. 'ವೆನ್ ಇಟ್ ಚೇಂಜ್ಡ್' (1972) ಎಂಬ ಅವರ ಸಣ್ಣಕಥೆಯಲ್ಲಿ ವೈಲ್‌ಅವೇ ಎಂಬ ಗ್ರಹದ ಗಂಡಸರೆಲ್ಲ ಶತಮಾನಗಳ ಹಿಂದೆಯೇ ರೋಗಕ್ಕೆ ಬಲಿಯಾಗಿದ್ದಾರೆ. ಹೆಂಗಸರು ಬೇಸಾಯ, ಕಾರ್ಖಾನೆ, ಸಂಸಾರ ಎಲ್ಲವನ್ನೂ ನಡೆಸುತ್ತ ನೆಮ್ಮದಿಯಾಗಿದ್ದಾರೆ. ಭೂಮಿಯಿಂದ ಬಂದಿಳಿದ ನಾಲ್ವರು ಗಂಡಸರು, ತುಂಬಿದ ಆ ಊರಿನಲ್ಲಿ ನಿಂತು, ಇಲ್ಲಿಯ ಜನರೆಲ್ಲ ಎಲ್ಲಿ ಎಂದು ಕೇಳುತ್ತಾರೆ. ಕಥೆಯ ಸಂಕಟವಿರುವುದು ಹೇಳುವವಳಿಗೆ ಹೆಂಡತಿ ಇರುವುದರಲ್ಲಲ್ಲ. ಹೆಂಡತಿ, ಹೆಣ್ಣುಮಕ್ಕಳು ಇರುವ ಆ ಮನೆ ಬಂದವರ ಕಣ್ಣಿಗೆ ಮನೆಯಾಗಿ ಕಾಣದಿರುವುದರಲ್ಲಿ. ಅದೇ ಗ್ರಹ 1975ರ 'ದ ಫೀಮೇಲ್ ಮ್ಯಾನ್' ಕಾದಂಬರಿಯಲ್ಲಿ ಮತ್ತೆ ಬರುತ್ತದೆ. ಅದು ಕಷ್ಟದ ಓದು. ಮೊದಲು ಸಣ್ಣಕಥೆ ಓದಿಕೊಂಡವರಿಗೆ ದಾರಿ ಸಿಗುತ್ತದೆ.

ಈಚಿನವುಗಳಲ್ಲಿ ಅತಿ ಹೆಚ್ಚು ತಪ್ಪಾಗಿ ಓದಲಾಗುವ ಪುಸ್ತಕ ಸಮಂತಾ ಶ್ಯಾನನ್ ಅವರ 'ದ ಪ್ರಯರಿ ಆಫ್ ದ ಆರೆಂಜ್ ಟ್ರೀ' (2019). ಎಂಟುನೂರು ಪುಟ ದಾಟುವ ಈ ಕಾದಂಬರಿಯನ್ನು ಡ್ರ್ಯಾಗನ್‌ಗಳಿಗಾಗಿ ಕೆಲವರು, ರಾಣಿ ಸಾಬ್ರನ್ ಮತ್ತು ಅವಳನ್ನು ಗುಟ್ಟಾಗಿ ಕಾಯುವ ಈಡ್ ನಡುವಿನ ಪ್ರೇಮಕ್ಕಾಗಿ ಹಲವರು ಓದುತ್ತಾರೆ. ಆ ಇಬ್ಬರ ನಡುವೆ ನಿಂತಿರುವುದು ಇಬ್ಬರೂ ಹೆಂಗಸರೆಂಬ ಸಂಗತಿಯಲ್ಲ. ಇನಿಸ್ ರಾಜ್ಯದ ನಂಬಿಕೆಯಂತೆ ಬೆರೆತ್‌ನೆಟ್ ವಂಶದ ಪ್ರತಿ ರಾಣಿಯೂ ಒಂದು ಹೆಣ್ಣುಮಗುವನ್ನು ಹೆರಬೇಕು. ಆ ಬಳ್ಳಿ ಕಡಿದ ದಿನ ಕಟ್ಟಿಹಾಕಿದ ಮಹಾಸರ್ಪ ಬಿಡುಗಡೆಯಾಗುತ್ತದೆ. ಸಾಬ್ರನ್‌ಳ ಗರ್ಭ ಅವಳದಲ್ಲ, ರಾಜ್ಯದ್ದು. ಮದುವೆಯ ಆಣೆಯನ್ನು ಮೀರಿದ ಸಂಬಂಧವೇ ಅಲ್ಲಿ ಹಗರಣ, ಅದು ಯಾರ ನಡುವೆ ಎಂಬುದಲ್ಲ. ಆಸ್ಥಾನದ ಪಿಸುಮಾತುಗಳಿರುವ ಅಧ್ಯಾಯಗಳನ್ನು ಹಾರಿಸಿ ಯುದ್ಧಕ್ಕೆ ಓಡುವವರು ಕಾದಂಬರಿಯ ಜೀವವನ್ನೇ ಬಿಟ್ಟು ಓಡುತ್ತಾರೆ.

ನಿಷೇಧವಿರುವ ಲೋಕಕ್ಕೆ ಸೆತ್ ಡಿಕಿನ್‌ಸನ್ ಅವರ 'ದ ಟ್ರೇಟರ್ ಬರು ಕಾರ್ಮರಂಟ್' (2015) ಒಳ್ಳೆಯ ಉದಾಹರಣೆ. ತಾರಾನೋಕೆ ದ್ವೀಪದ ಹುಡುಗಿ ಬರುಗೆ ಒಬ್ಬಳು ತಾಯಿ, ಇಬ್ಬರು ತಂದೆಯರು. ಅದು ಆ ದ್ವೀಪದ ಸಹಜ ಸಂಸಾರ. ಫಾಲ್‌ಕ್ರೆಸ್ಟ್ ಸಾಮ್ರಾಜ್ಯ ಅಲ್ಲಿಗೆ ಮೊದಲು ವ್ಯಾಪಾರ ಮತ್ತು ಕಾಗದದ ಹಣ ತರುತ್ತದೆ, ಆಮೇಲೆ ಶಾಲೆ ತೆರೆಯುತ್ತದೆ, ಆ ಶಾಲೆಯಲ್ಲಿ ಇಂಥ ಸಂಸಾರ ಕೊಳಕು ಎಂದು ಕಲಿಸುತ್ತದೆ. ತಂದೆಯರಲ್ಲೊಬ್ಬ ಕಾಣೆಯಾಗುತ್ತಾನೆ. ಮಗಳು ಆ ಸಾಮ್ರಾಜ್ಯದಲ್ಲೇ ಲೆಕ್ಕಾಧಿಕಾರಿಯಾಗಿ ಮೇಲೇರಿ ಅದನ್ನು ಒಳಗಿನಿಂದ ಮುರಿಯಲು ಹೊರಡುತ್ತಾಳೆ. ಅವಳ ಆಯುಧ ಖಾತೆಪುಸ್ತಕ. ಯಾರನ್ನು ಪ್ರೀತಿಸಬಹುದು ಎಂಬ ಕಟ್ಟಳೆಯೂ ತೆರಿಗೆಯ ಕಟ್ಟಳೆಯೂ ಒಂದೇ ಕಚೇರಿಯಿಂದ ಹೊರಡುತ್ತವೆ ಎಂಬುದನ್ನು ಈ ಕಾದಂಬರಿ ಪುಟಪುಟಕ್ಕೂ ಸಾಧಿಸುತ್ತದೆ. ಭಾರತದ ಓದುಗರಿಗೆ ಇದು ದೂರದ ಮಾತಲ್ಲ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಸಲಿಂಗಪ್ರೇಮವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2023ರ ಅಕ್ಟೋಬರ್ 17ರಂದು ಅಂಥ ಮದುವೆಗೆ ಕಾನೂನಿನ ಮಾನ್ಯತೆ ಕೊಡಲು ನಿರಾಕರಿಸಿತು. ಪ್ರೀತಿಗೆ ತಡೆಯಿಲ್ಲ, ಮನೆಗೆ ಮಾತ್ರ ಹೆಸರಿಲ್ಲ ಎಂಬ ಈ ಸ್ಥಿತಿಯಲ್ಲಿ ನಿಂತು ಓದುವವರಿಗೆ ಬರುವಿನ ಲೆಕ್ಕ ಬೇಗ ಅರ್ಥವಾಗುತ್ತದೆ.

ಆರ್ಕಡಿ ಮಾರ್ಟಿನ್ ಅವರ 'ಎ ಮೆಮರಿ ಕಾಲ್ಡ್ ಎಂಪೈರ್' (2019) ವಾರಸುದಾರಿಕೆಯನ್ನು ರಕ್ತದಿಂದಲೇ ಬಿಡಿಸುತ್ತದೆ. ಪುಟ್ಟ ಬಾಹ್ಯಾಕಾಶ ನಿಲ್ದಾಣವೊಂದರಿಂದ ಮಹಾಸಾಮ್ರಾಜ್ಯದ ರಾಜಧಾನಿಗೆ ಬರುವ ರಾಯಭಾರಿ ಮಾಹಿತ್‌ಳ ತಲೆಯೊಳಗೆ ಹಿಂದಿನ ರಾಯಭಾರಿಯ ನೆನಪುಗಳನ್ನು ಕೂರಿಸಲಾಗಿದೆ. ಅವಳ ಪೂರ್ವಜ ಅವನೇ. ಇತ್ತ ಸಾಮ್ರಾಟನ ಉತ್ತರಾಧಿಕಾರಿಗಳಲ್ಲಿ ಒಬ್ಬ, ನೂರಕ್ಕೆ ತೊಂಬತ್ತು ಪಾಲು ಸಾಮ್ರಾಟನದೇ ನಕಲಾಗಿ ಹುಟ್ಟಿಸಿದ ಬಾಲಕ. ಮಾಹಿತ್ ಮತ್ತು ಅವಳ ಸಹಾಯಕಿ ತ್ರೀ ಸೀಗ್ರಾಸ್ ನಡುವಿನ ಪ್ರೀತಿ ಮಿತವಾಗಿಯೇ ಬರುತ್ತದೆ, ಅದು ಸಾಕು.

ತಾಷಾ ಸೂರಿ ಅವರ 'ದ ಜಾಸ್ಮಿನ್ ಥ್ರೋನ್' (2021), ಮುಂದಿನ ವರ್ಷ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಪಡೆದದ್ದು, ಕನ್ನಡದ ಓದುಗರಿಗೆ ಹೆಸರುಗಳಲ್ಲೇ ಹತ್ತಿರದ್ದು: ಪ್ರಿಯಾ, ಮಾಲಿನಿ, ಭೂಮಿಕಾ, ಪಾರಿಜಾತದ್ವೀಪ. ಈ ಹತ್ತಿರವೇ ಅಪಾಯ. ಇದು ಯಾವ ರಾಜವಂಶ, ಇದು ಯಾವ ಪುರಾಣ ಎಂದು ಗುರುತಿಸುವ ಆಟಕ್ಕಿಳಿದರೆ ಕಾದಂಬರಿ ಕೈತಪ್ಪುತ್ತದೆ. ಚಿತೆಯೇರಲು ಒಪ್ಪದ ರಾಜಕುಮಾರಿ ಮಾಲಿನಿಯನ್ನು ಅವಳ ಅಣ್ಣ, ಚಕ್ರವರ್ತಿ, ಹಾಳುಬಿದ್ದ ದೇಗುಲವೊಂದರಲ್ಲಿ ಸೆರೆಯಿಡುತ್ತಾನೆ. ಅಲ್ಲಿ ಕಸಗುಡಿಸಲು ಬರುವ ಪ್ರಿಯಾ ಅದೇ ದೇಗುಲದಲ್ಲಿ ಬೆಳೆದವಳು, ಅವಳ ಜೊತೆ ಬೆಳೆದ ಮಕ್ಕಳಲ್ಲಿ ಬಹುಪಾಲು ಮಂದಿ ಬೆಂಕಿಯಲ್ಲಿ ಹೋದವರು. ಒಬ್ಬಳನ್ನು ಸುಡಲು ನೋಡುವುದು ರಕ್ತಸಂಬಂಧ; ಇನ್ನೊಬ್ಬಳನ್ನು ಉಳಿಸಿರುವುದು ರಕ್ತವಿಲ್ಲದ ಸಂಬಂಧ. ಅವರಿಬ್ಬರ ಪ್ರೇಮವನ್ನು ಈ ಎರಡರ ನಡುವೆ ಇಟ್ಟು ನೋಡಬೇಕು.

ಪ್ರೇಮಿಗಳು ಕೊನೆಯಲ್ಲಿ ಸಾಯುತ್ತಾರೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳುವ ರೂಢಿಯೂ ಇದೆ. ಈ ಅಂಜಿಕೆಗೆ ಕಾರಣವಿದೆ. ಕಾರ್ಮಿಲ್ಲಾಳ ಎದೆಗೆ ಗೂಟ ಬಿತ್ತು. 1952ರಲ್ಲಿ ವಿನ್ ಪ್ಯಾಕರ್ ಎಂಬ ಹೆಸರಿನಲ್ಲಿ ಮ್ಯಾರಿಜೇನ್ ಮೀಕರ್ ಬರೆದ, ಹೆಣ್ಣುಗಳ ಪ್ರೇಮದ 'ಸ್ಪ್ರಿಂಗ್ ಫೈರ್' ಕಾದಂಬರಿಗೆ ಸುಖಾಂತ್ಯ ಕೂಡದೆಂದು ಸಂಪಾದಕರೇ ತಾಕೀತು ಮಾಡಿದ್ದರು, ಅಮೆರಿಕದ ಅಂಚೆ ಇಲಾಖೆ ಪುಸ್ತಕವನ್ನು ತಡೆಹಿಡಿದೀತೆಂಬ ಭಯದಿಂದ. ಶಿಕ್ಷೆಯಾಗಿ ಬರುವ ಸಾವನ್ನೂ ಕಥೆಯ ತರ್ಕದಿಂದ ಬರುವ ಸಾವನ್ನೂ ಬೇರ್ಪಡಿಸಲು ಓದುಗರು ಕಲಿಯಬೇಕು. ಅಂತ್ಯ ತಿಳಿದುಕೊಂಡು ಪುಸ್ತಕ ಆರಿಸುವವರಿಗೆ ಆ ಕಲಿಕೆ ಎಂದೂ ಆಗದು.

ನಿರೂಪಣೆಯ ಹೊಸತುಗಳನ್ನು ಚುಟುಕಾಗಿ ಹೇಳಬಹುದು. ಆ್ಯನ್ ಲೆಕಿ ಅವರ 'ಆ್ಯನ್ಸಿಲರಿ ಜಸ್ಟಿಸ್' (2013) ಬಹುತೇಕ ಎಲ್ಲ ಪಾತ್ರಗಳನ್ನೂ ಸ್ತ್ರೀಲಿಂಗದಲ್ಲೇ ಕರೆಯುತ್ತದೆ. ಸ್ಯಾಮ್ಯುಯೆಲ್ ಡಿಲೇನಿ 1984ರಲ್ಲೇ ಸರ್ವನಾಮಗಳಲ್ಲಿ ಇದಕ್ಕಿಂತ ಸಾಹಸದ ಪ್ರಯೋಗ ಮಾಡಿದ್ದರು. ಅಮಲ್ ಎಲ್-ಮೊಹ್ತರ್ ಮತ್ತು ಮ್ಯಾಕ್ಸ್ ಗ್ಲಾಡ್‌ಸ್ಟನ್ ಜೊತೆಯಾಗಿ ಬರೆದ 'ದಿಸ್ ಈಸ್ ಹೌ ಯು ಲೂಸ್ ದ ಟೈಮ್ ವಾರ್' (2019) ಇಬ್ಬರು ಶತ್ರು ಗೂಢಚಾರಿಣಿಯರ ಪತ್ರವ್ಯವಹಾರ. ಅದರ ಒಂದು ಪತ್ರ ಮರದ ಉಂಗುರಗಳಲ್ಲಿ ಬೆಳೆದು ಬರುತ್ತದೆ. ಈ ಪುಸ್ತಕವನ್ನು ಗಟ್ಟಿಯಾಗಿ ಓದಿಕೊಳ್ಳಬೇಕು.

ವಸುಧೇಂದ್ರರ 'ಮೋಹನಸ್ವಾಮಿ' ಕಥಾಸಂಕಲನ ಓದಿ ಬಂದ ಕನ್ನಡಿಗರು ಅಲ್ಲಿಯ ನೋವಿನ ನೇರ ಸತ್ಯವನ್ನೇ ಇಲ್ಲೂ ಹುಡುಕಬಾರದು. ಆ ಕಥೆಗಳು ಇರುವ ಸಮಾಜದೊಳಗೆ ಬದುಕುವ ಕಷ್ಟವನ್ನು ಹೇಳುತ್ತವೆ. ಈ ಕಾದಂಬರಿಗಳು ಸಮಾಜದ ಅಡಿಪಾಯವನ್ನೇ ಬಿಚ್ಚಿ ಬೇರೆ ರೀತಿ ಜೋಡಿಸಿ, ಆಗ ಏನು ಉಳಿಯುತ್ತದೆ ಎಂದು ನೋಡುತ್ತವೆ.

ಆರಂಭಕ್ಕೆ ರಸ್ ಅವರ ಸಣ್ಣಕಥೆ ಮತ್ತು 'ಕಾರ್ಮಿಲ್ಲಾ' ಸರಿ. ಎರಡೂ ಒಂದೊಂದು ಸಂಜೆಯ ಓದು. ಆಮೇಲೆ ಲೆ ಗ್ವಿನ್. ಅದರ ನಡುನಡುವೆ ಬರುವ ಗೆಥೆನ್‌ನ ಜನಪದ ಕಥೆಗಳನ್ನು ಬಿಡುವಂತಿಲ್ಲ, ಆಣೆಯಿಟ್ಟ ಒಡಹುಟ್ಟಿದವರ ಕಥೆ ಮೊದಲು ಬರುವುದು ಅಲ್ಲೇ. 'ದ ಜಾಸ್ಮಿನ್ ಥ್ರೋನ್'ನಿಂದ ತೊಡಗುವ ಸೂರಿ ಅವರ ಮೂರು ಸಂಪುಟಗಳೂ 2024ರ 'ದ ಲೋಟಸ್ ಎಂಪೈರ್' ಜೊತೆಗೆ ಮುಗಿದಿರುವುದರಿಂದ ಒಟ್ಟಿಗೇ ಓದಬಹುದು. ಬರುವಿನ ಕಥೆಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಬೇಕು, ನಾಣ್ಯ, ಸಾಲ, ತೆರಿಗೆಯ ಪುಟಗಳನ್ನು ಹಾರಿಸದೆ ಓದಬೇಕು. ಕೊನೆಯ ಅಧ್ಯಾಯಗಳಲ್ಲಿ ಅವಳು ಮಾಡುವ ಆಯ್ಕೆಯ ಕಾರಣಗಳೆಲ್ಲ ಆ ಪುಟಗಳಲ್ಲಿವೆ.